ಓದುಗರ ಪ್ರಶ್ನೆ: ಗಟ್ಟಿ ಥಾಲರ್, ಬೆರಕೆ ಚಿಲ್ಲರೆ

ಹಿಂದಿನ ಸಂಚಿಕೆಯಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟಸೀಮೆಯ ಒಂದು ಥಾಲರ್, ಅಂದರೆ ದೊಡ್ಡ ಬೆಳ್ಳಿ ನಾಣ್ಯದ ಚಿತ್ರ ಹಾಕಿದ್ದೆವು. ಅದರ ಒಂದು ಬದಿಯಲ್ಲಿ ಗಣಿಯ ನೋಟವೇ ಇತ್ತು. ಅದನ್ನು ನೋಡಿ ತುಂಬಾ ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣವೆಲ್ಲ ಹಳೇ ಜರ್ಮನ್ ಬೆಳ್ಳಿ ನಾಣ್ಯಗಳಿಗೇ ಮೀಸಲು.

ಇವರಿಗೆ ಈ ವಿಷಯ ಹೇಗೆ ಗೊತ್ತು ಅಂತ ಇಬ್ಬರು ಮೂವರು ಕೇಳಿದ್ದಾರೆ. ನಾನು ಬೆಳೆದದ್ದು ಕೆಜಿಎಫ್‌ನಲ್ಲಿ. ಅದಿರಿನಲ್ಲಿ ಚಿನ್ನ ಎಷ್ಟಿದೆ ಅಂತ ಪರೀಕ್ಷೆ ಮಾಡುವ ಗಣಿಯ ಲ್ಯಾಬ್‌ನಲ್ಲಿ ಅಪ್ಪ ಕೆಲಸ ಮಾಡುತ್ತಿದ್ದರು. ಮುಂದೆ ನಾನು ಲೋಹಶಾಸ್ತ್ರ ಓದಲು ಹೋದದ್ದು ಹಾರ್ಟ್ಸ್‌ನ ಕ್ಲೌಸ್ತಾಲ್ ಊರಿಗೆ. ಅದೂ ಗಣಿಯ ಊರೇ. 1617ರಿಂದ 1849ರವರೆಗೆ ಅಲ್ಲೊಂದು ಟಂಕಸಾಲೆ ಇತ್ತು. ನಾಣ್ಯದ ಹುಚ್ಚು ಹಿಡಿದದ್ದು ಅಲ್ಲೇ.

ಜರ್ಮನಿ ಒಂದೇ ದೇಶ. ಹಾಗಿದ್ದೂ ಒಬ್ಬೊಬ್ಬ ಡ್ಯೂಕ್, ಒಬ್ಬೊಬ್ಬ ಬಿಷಪ್, ಒಂದೊಂದು ಪಟ್ಟಣದ ಹೆಸರಿನಲ್ಲಿ ಥಾಲರ್ ಇರುವುದೇಕೆ? ಇಷ್ಟೊಂದು ಬಗೆಯ ನಾಣ್ಯ ಇಟ್ಟುಕೊಂಡು ಜನ ವ್ಯಾಪಾರ ಹೇಗೆ ಮಾಡಿದರು ಮೇಡಂ?
— ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಆಗ ಅದು ಒಂದು ದೇಶ ಆಗಿರಲಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯ ಅನ್ನುವ ಸಡಿಲವಾದ ಒಕ್ಕೂಟ ಇತ್ತು. ಮೇಲೆ ಒಬ್ಬ ಚಕ್ರವರ್ತಿ. ಕೆಳಗೆ ಸ್ಯಾಕ್ಸನಿ, ಬವೇರಿಯಾ, ಬ್ರಾಂಡನ್‌ಬರ್ಗ್, ಬ್ರೌನ್‌ಶ್ವೈಗ್ ಮುಂತಾದ ರಾಜ್ಯಗಳು. ಮೈಂಜ್, ಸಾಲ್ಸ್‌ಬರ್ಗ್‌ಗಳಲ್ಲಿ ಆರ್ಚ್‌ಬಿಷಪ್ಪರೇ ದೊರೆಗಳು. ನ್ಯೂರೆಂಬರ್ಗ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್ ಪಟ್ಟಣಗಳು ತಮ್ಮ ಆಡಳಿತ ತಾವೇ ನೋಡಿಕೊಳ್ಳುತ್ತಿದ್ದವು. ನಾಣ್ಯ ಹೊಡೆಯುವ ಹಕ್ಕು ಇವರಲ್ಲಿ ಬಹಳ ಜನಕ್ಕೆ ಇತ್ತು. ಹಕ್ಕು ಇದ್ದವರು ಅದನ್ನು ಬಿಡುತ್ತಾರಾ? ನಾಣ್ಯ ಹೊಡೆದರೆ ಲಾಭವೂ ಉಂಟು, ಊರೂರಿಗೆ ತಮ್ಮ ಮುಖವೂ ಹೋಗುತ್ತದೆ.

ಆದರೆ ಇಷ್ಟೆಲ್ಲ ಮುಖಗಳ ಹಿಂದೆ ಒಂದೇ ಲೆಕ್ಕ ಇತ್ತು. ಅದೇ ಕಲೋನ್ ಮಾರ್ಕ್ ಅನ್ನುವ ತೂಕ. ಇಂದಿನ ಲೆಕ್ಕದಲ್ಲಿ 233.8 ಗ್ರಾಂ ಚಿಲ್ಲರೆ. ಒಂದು ಮಾರ್ಕ್ ಅಪ್ಪಟ ಬೆಳ್ಳಿಯಿಂದ ಎಷ್ಟು ನಾಣ್ಯ ಹೊಡೆಯಬೇಕು ಅನ್ನುವುದೇ ಎಲ್ಲ ಜಗಳದ ಮೂಲ, ಎಲ್ಲ ಒಪ್ಪಂದದ ಮೂಲ. 1524ರಲ್ಲಿ ಎಸ್ಲಿಂಗನ್‌ನಲ್ಲಿ ಇಡೀ ಸಾಮ್ರಾಜ್ಯಕ್ಕೆ ನಾಣ್ಯದ ಕಾನೂನು ಮಾಡಿದರು. ಯಾರೂ ಸರಿಯಾಗಿ ಪಾಲಿಸಲಿಲ್ಲ. 1559ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಇನ್ನೊಂದು ಮಾಡಿದರು. 1566ರಲ್ಲಿ ಅದಕ್ಕೆ ಥಾಲರ್ ಅನ್ನು ಸೇರಿಸಿದರು. ಒಂದು ಮಾರ್ಕ್ ಅಪ್ಪಟ ಬೆಳ್ಳಿಗೆ 9 ಥಾಲರ್. ಅಂದರೆ ಒಂದೊಂದರಲ್ಲೂ ಸುಮಾರು 26 ಗ್ರಾಂ ಬೆಳ್ಳಿ. ತಾಮ್ರ ಸೇರಿ ಒಟ್ಟು ತೂಕ 29 ಗ್ರಾಂ ದಾಟುತ್ತದೆ. ಇದಕ್ಕೆ ರೈಕ್ಸ್‌ಥಾಲರ್, ಅಂದರೆ ಸಾಮ್ರಾಜ್ಯದ ಥಾಲರ್ ಅಂತ ಹೆಸರು.

ವ್ಯಾಪಾರಿಗಳು ಅದರ ಮೇಲಿನ ಮುಖ ನೋಡುತ್ತಿರಲಿಲ್ಲ. ತೂಕ ನೋಡುತ್ತಿದ್ದರು, ಬೆಳ್ಳಿ ನೋಡುತ್ತಿದ್ದರು. ಸ್ಯಾಕ್ಸನಿಯ ಥಾಲರ್ ಹ್ಯಾಂಬರ್ಗ್‌ನಲ್ಲೂ ನಡೆಯುತ್ತಿತ್ತು. ಇಲ್ಲಿವರೆಗೆ ಕಥೆ ಚೆನ್ನಾಗಿದೆ. ಚಿಲ್ಲರೆಯ ಕಥೆ ಮಾತ್ರ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಇಷ್ಟೊಂದು ಬೆಳ್ಳಿ ಎಲ್ಲಿಂದ ಬಂತು? ಅಮೆರಿಕದಿಂದ ಸ್ಪೇನ್‌ನವರು ತಂದದ್ದೇ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಅಮೆರಿಕದ ಬೆಳ್ಳಿ ಆಮೇಲೆ ಬಂತು. ಥಾಲರ್ ಹುಟ್ಟಿದ್ದು ಯುರೋಪಿನ ಬೆಟ್ಟಗಳ ಬೆಳ್ಳಿಯಿಂದಲೇ. 1486ರಲ್ಲಿ ಟಿರೋಲ್‌ನ ಆರ್ಚ್‌ಡ್ಯೂಕ್ ಸಿಗಿಸ್ಮಂಡ್ ಹಾಲ್ ಪಟ್ಟಣದಲ್ಲಿ ದೊಡ್ಡದೊಂದು ಬೆಳ್ಳಿ ನಾಣ್ಯ ಹೊಡೆಸಿದ. ಹತ್ತಿರದ ಶ್ವಾಟ್ಸ್ ಗಣಿಗಳಲ್ಲಿ ಬೆಳ್ಳಿ ಬೇಕಾದಷ್ಟಿತ್ತು. ಚಿನ್ನದ ಗುಲ್ಡನ್‌ಗೆ ಸಮನಾದ ಬೆಲೆಯನ್ನು ಒಂದೇ ಬೆಳ್ಳಿ ನಾಣ್ಯದಲ್ಲಿ ಕೊಡುವುದು ಅವನ ಯೋಚನೆ. 1500ರಲ್ಲಿ ಸ್ಯಾಕ್ಸನಿಯವರೂ ಅದನ್ನೇ ಮಾಡಿದರು. ಆಮೇಲೆ ಬೊಹೀಮಿಯದ ಯೊಆಕಿಮ್‌ಸ್ಟಾಲ್ ಗಣಿಯ ಬೆಳ್ಳಿ ಮೇಲೆದ್ದಿತು. ಅಲ್ಲಿ ಶ್ಲಿಕ್ ಮನೆತನದ ಕೌಂಟ್‌ಗಳು 1520ರ ಸುಮಾರಿಗೆ ಹೊಡೆಸಿದ ನಾಣ್ಯ ಎಷ್ಟು ಹರಡಿತೆಂದರೆ, ಆ ಊರಿನ ಹೆಸರಿನ ಬಾಲವೇ ನಾಣ್ಯದ ಹೆಸರಾಯಿತು: ಮೊದಲು ಯೊಆಕಿಮ್‌ಸ್ಟಾಲರ್, ಆಮೇಲೆ ಬರೀ ಥಾಲರ್. ಒಂದು ಬದಿಯಲ್ಲಿ ಸಂತ ಯೊಆಕಿಮ್, ಇನ್ನೊಂದು ಬದಿಯಲ್ಲಿ ಬೊಹೀಮಿಯದ ಸಿಂಹ. ಗಣಿ ವಿದ್ಯೆಗೆ ತಳಪಾಯ ಹಾಕಿದ ಅಗ್ರಿಕೋಲಾ 1527ರಿಂದ ಕೆಲವು ವರ್ಷ ಆ ಊರಿನ ವೈದ್ಯನಾಗಿದ್ದ. ಈಗ ಊರಿನ ಹೆಸರು ಯಾಖಿಮೊವ್, ಚೆಕ್ ದೇಶದಲ್ಲಿದೆ. ಮೇರಿ ಕ್ಯೂರಿಗೆ ರೇಡಿಯಂ ತೆಗೆಯಲು ಅದಿರು ಬಂದದ್ದೂ ಅಲ್ಲಿಂದಲೇ.

ಹಾರ್ಟ್ಸ್ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ. ಅಲ್ಲಿ ಬೆಳ್ಳಿ ಬೆಳ್ಳಿಯಾಗಿ ಸಿಗುವುದು ಕಡಿಮೆ. ಸೀಸದ ಅದಿರಿನೊಳಗೆ ಚೂರು ಚೂರು ಸೇರಿಕೊಂಡಿರುತ್ತದೆ. ಅದಿರನ್ನು ಕುಟ್ಟಿ, ತೊಳೆದು, ಕರಗಿಸಿದರೆ ಮೊದಲು ಬರುವುದು ಬೆಳ್ಳಿ ಬೆರೆತ ಸೀಸ. ಅದನ್ನು ಅಗಲವಾದ ಒಲೆಯಲ್ಲಿ ಹಾಕಿ, ತಿದಿಯಿಂದ ಗಾಳಿ ಊದುತ್ತಾ ಕಾಯಿಸಬೇಕು. ಸೀಸ ಗಾಳಿಯ ಜೊತೆ ಸೇರಿ ಹಳದಿ ಕಿಟ್ಟವಾಗಿ ಹರಿದುಹೋಗುತ್ತದೆ. ಕೊನೆಯ ಪದರ ಸರಿದ ಕ್ಷಣ ಒಳಗಿನ ಬೆಳ್ಳಿ ಫಳ್ಳನೆ ಹೊಳೆಯುತ್ತದೆ. ಕೆಲಸ ಮುಗಿಯಿತು ಅನ್ನುವ ಗುರುತು ಅದು.

ನಾನು ಚಿಕ್ಕವಳಿದ್ದಾಗ ಅಪ್ಪನ ಲ್ಯಾಬ್‌ನಲ್ಲಿ ಇದೇ ವಿದ್ಯೆಯನ್ನು ಅಂಗೈ ಅಗಲದಲ್ಲಿ ನೋಡಿದ್ದೆ. ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲು, ಅದರೊಳಗೆ ಸೀಸದ ಗುಂಡು, ಕೊನೆಗೆ ಉಳಿಯುವ ಸಾಸಿವೆಯಷ್ಟು ಚಿನ್ನ ಬೆಳ್ಳಿಯ ಮಣಿ. ಜರ್ಮನ್ ಟಂಕಸಾಲೆಗಳಲ್ಲೂ ಇದನ್ನೇ ಮಾಡುವ ಒಬ್ಬ ಅಧಿಕಾರಿ ಇರುತ್ತಿದ್ದ. ವಾರ್ಡೈನ್ ಅಂತ ಅವನ ಹುದ್ದೆಯ ಹೆಸರು. ಟಂಕಸಾಲೆಯ ಯಜಮಾನ ಹೊಡೆದ ನಾಣ್ಯದಲ್ಲಿ ಬೆಳ್ಳಿ ಸರಿಯಾಗಿದೆಯೇ ಅಂತ ಒರೆ ನೋಡುವುದು ಅವನ ಕೆಲಸ. ಪ್ರತಿ ಸಲ ಹೊಡೆದ ನಾಣ್ಯಗಳಲ್ಲಿ ಮಾದರಿ ತೆಗೆದು ಬೀಗ ಹಾಕಿದ ಪೆಟ್ಟಿಗೆಗೆ ಹಾಕುತ್ತಿದ್ದರು. ಆಯಾ ಪ್ರಾಂತ್ಯದವರು ಸೇರುವ ಪರೀಕ್ಷೆಯ ದಿನ ಆ ಪೆಟ್ಟಿಗೆ ತೆಗೆದು ಮತ್ತೆ ಪರೀಕ್ಷಿಸುತ್ತಿದ್ದರು. ಥಾಲರ್ ಮೇಲಿನ ನಂಬಿಕೆ ನಿಂತದ್ದು ಆ ಪೆಟ್ಟಿಗೆಯ ಮೇಲೆ. ದೊರೆಯ ಮುಖದ ಮೇಲೆ ಯಾರೂ ಅಷ್ಟು ನಂಬಿಕೆ ಇಟ್ಟಿರಲಿಲ್ಲ.

ಹಿಂದಿನ ಸಂಚಿಕೆಯ ನಾಣ್ಯ ಇಂಥ ಗಣಿಯ ಲಾಭದಿಂದ ಹೊಡೆದ ಥಾಲರ್. ಲೌಟೆನ್‌ಟಾಲ್ ಗಣಿಯ ಇಂಥ ಥಾಲರ್‌ಗಳ ಮೇಲೆ ಲೂಟ್ ಅನ್ನುವ ತಂತಿವಾದ್ಯ ನುಡಿಸುವ ಹೆಂಗಸು ಇರುತ್ತಾಳೆ. ಬಿಳಿ ಹಂಸ, ಕಾಮನಬಿಲ್ಲು ಅನ್ನುವ ಹೆಸರಿನ ಗಣಿಗಳ ಥಾಲರ್‌ಗಳೂ ಇವೆ. ಗಣಿಯ ಷೇರುದಾರರಿಗೆ ಹೆಮ್ಮೆಯಿಂದ ಹಂಚುವಂಥವು. ಚಕ್ರ ತಿರುಗಿಸಿ ನೀರು ಎತ್ತಿದವರಿಗೆ, ಏಣಿ ಇಳಿದು ಕಲ್ಲು ಒಡೆದವರಿಗೆ ಕೂಲಿ ಬರುತ್ತಿದ್ದದ್ದು ಚಿಲ್ಲರೆಯಲ್ಲಿ. ಕೆಜಿಎಫ್‌ನಲ್ಲಿ ಬೆಳೆದ ನನಗೆ ಈ ವ್ಯತ್ಯಾಸ ಕಣ್ಣಿಗೆ ಬೀಳದೆ ಇರುವುದಿಲ್ಲ. ಚಿನ್ನ ತೆಗೆದವರ ಮನೆಯಲ್ಲಿ ಚಿನ್ನ ಎಷ್ಟಿತ್ತು ಅಂತ ನಮ್ಮ ಬೀದಿಯವರಿಗೆಲ್ಲ ಗೊತ್ತು.

1620ರ ಸುಮಾರಿಗೆ ಜರ್ಮನಿಯಲ್ಲಿ ದುಡ್ಡಿಗೆ ಬೆಲೆಯೇ ಇಲ್ಲದಂತಾಯಿತು ಅಂತ ಓದಿದೆ. ಥಾಲರ್ ಅಷ್ಟು ಗಟ್ಟಿ ಅನ್ನುತ್ತೀರಿ. ಹಾಗಾದರೆ ಕೆಟ್ಟದ್ದು ಯಾವುದು?
— ಕಿರಾಣಿ ವ್ಯಾಪಾರಿ, ಹುಬ್ಬಳ್ಳಿ

ಈ ತಿಂಗಳ ಒಳ್ಳೆಯ ಪ್ರಶ್ನೆ ಇದು. ವ್ಯಾಪಾರ ಮಾಡುವವರೇ ಕೇಳಿದ್ದು ಇನ್ನೂ ಖುಷಿ.

ಥಾಲರ್ ಕೆಡಲಿಲ್ಲ. ಕೆಟ್ಟದ್ದು ಕ್ರಾಯ್ಟ್ಸರ್, ಗ್ರೋಶನ್ ಅನ್ನುವ ಚಿಕ್ಕ ನಾಣ್ಯಗಳು. 1559ರ ಕಾನೂನಿನಲ್ಲೇ ಇದರ ಬೀಜ ಇತ್ತು. ಚಿಕ್ಕ ನಾಣ್ಯದಲ್ಲೂ ಅದರ ಮುಖಬೆಲೆಗೆ ಹತ್ತಿರದಷ್ಟು ಬೆಳ್ಳಿ ಇರಬೇಕು ಅಂತ ಕಾನೂನು ಹೇಳುತ್ತಿತ್ತು. ಆದರೆ ಕೂಲಿ ಲೆಕ್ಕ ಹಾಕಿ ನೋಡಿ. ಒಂದು ಥಾಲರ್ ಹೊಡೆಯಲು ಒಂದು ಬಿಲ್ಲೆ ಕತ್ತರಿಸಿ ಒಂದು ಸಲ ಅಚ್ಚು ಒತ್ತಿದರೆ ಮುಗಿಯಿತು. ಅದೇ ಬೆಲೆಗೆ ಕ್ರಾಯ್ಟ್ಸರ್ ಹೊಡೆಯಬೇಕಾದರೆ ಅರವತ್ತು ಎಪ್ಪತ್ತು ಬಿಲ್ಲೆ ಕತ್ತರಿಸಬೇಕು, ತೂಗಬೇಕು, ಒತ್ತಬೇಕು. ಕಾನೂನಿನ ಪ್ರಕಾರ ಹೊಡೆದರೆ ಟಂಕಸಾಲೆಗೆ ನಷ್ಟವೇ. ಹಾಗಾಗಿ ಪ್ರಾಮಾಣಿಕ ಟಂಕಸಾಲೆಗಳು ಚಿಲ್ಲರೆ ಹೊಡೆಯುವುದನ್ನೇ ಕಡಿಮೆ ಮಾಡಿದವು. ಉಳಿದವರು ಬೆಳ್ಳಿ ಕಡಿಮೆ ಹಾಕಿ ಹೊಡೆದರು. ಜನಕ್ಕೆ ಚಿಲ್ಲರೆ ಬೇಕೇ ಬೇಕಲ್ವಾ? ಸಿಕ್ಕಿದ್ದನ್ನು ತೆಗೆದುಕೊಂಡರು.

1618ರಲ್ಲಿ ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. ದೊರೆಗಳಿಗೆಲ್ಲ ಸೈನ್ಯ ಕಟ್ಟಲು ದುಡ್ಡು ಬೇಕಾಯಿತು. ಸಾಲ ಹುಟ್ಟದಾಗ ಸುಲಭದ ದಾರಿ ಟಂಕಸಾಲೆ. ಟಂಕಸಾಲೆಯನ್ನು ಗುತ್ತಿಗೆಗೆ ಕೊಟ್ಟರು. ಹೊಸ ಟಂಕಸಾಲೆಗಳು ಹಳ್ಳಿ ಹಳ್ಳಿಯಲ್ಲಿ ಎದ್ದವು. ಬ್ರೌನ್‌ಶ್ವೈಗ್ ಸೀಮೆಯಲ್ಲಂತೂ ಖಾಲಿ ಮಠದ ಕಟ್ಟಡಗಳಲ್ಲೂ ನಾಣ್ಯ ಹೊಡೆದರು. ಗುತ್ತಿಗೆದಾರನ ಆಳುಗಳು ಪಕ್ಕದ ಸೀಮೆಗೆ ಹೋಗಿ ಹಳೇ ಒಳ್ಳೆ ನಾಣ್ಯ ಕೊಳ್ಳುತ್ತಿದ್ದರು. ತಕ್ಕಡಿಯಲ್ಲಿ ತೂಗಿ, ಭಾರದವನ್ನು ಆರಿಸಿ, ಕರಗಿಸಿ, ತಾಮ್ರ ಸೇರಿಸಿ ಹೊಸದು ಹೊಡೆಯುತ್ತಿದ್ದರು. ಆ ಹೊಸ ನಾಣ್ಯವನ್ನು ಮತ್ತೆ ಪಕ್ಕದ ಸೀಮೆಗೇ ಸಾಗಿಸುತ್ತಿದ್ದರು. ಪಕ್ಕದ ಸೀಮೆಯವನು ಸುಮ್ಮನಿರುತ್ತಾನಾ? ಅವನೂ ಅದನ್ನೇ ಮಾಡಿದ. ತಾಮ್ರದ ಪಾತ್ರೆಗಳಿಗೆ ಎಲ್ಲಿಲ್ಲದ ಬೆಲೆ ಬಂತು. ಮನೆಯ ಹಂಡೆಗಳು ಟಂಕಸಾಲೆಗೆ ಹೋದವು. ಚಕ್ರವರ್ತಿಯ ಕಾನೂನು ಹಾಳೆಯ ಮೇಲೆ ಉಳಿಯಿತು.

ಮೋಸ ಕಣ್ಣಿಗೆ ಕಾಣದಂತೆ ಮಾಡುವ ವಿದ್ಯೆಯೂ ಇತ್ತು. ತಾಮ್ರ ಜಾಸ್ತಿ ಇರುವ ಬಿಲ್ಲೆಯನ್ನು ಮೊದಲು ಕಾಯಿಸುತ್ತಾರೆ. ಆಮೇಲೆ ದ್ರಾಕ್ಷಿ ಮದ್ಯದ ಪೀಪಾಯಿಯಲ್ಲಿ ಕೂರುವ ಹುಳಿ ಉಪ್ಪಿನ ನೀರಿನಲ್ಲಿ ಕುದಿಸುತ್ತಾರೆ. ಹುಳಿ ಮೇಲ್ಮೈಯ ತಾಮ್ರವನ್ನು ತಿನ್ನುತ್ತದೆ. ಬೆಳ್ಳಿ ಉಳಿಯುತ್ತದೆ. ಟಂಕಸಾಲೆಯಿಂದ ಬರುವಾಗ ನಾಣ್ಯ ಬೆಳ್ಳಗಿರುತ್ತದೆ. ನಾಲ್ಕು ಕೈ ಬದಲಾಗಿ ಸವೆದರೆ ಕೆಂಪು ತಿರುಗುತ್ತದೆ. ಅಷ್ಟರಲ್ಲಿ ಅದನ್ನು ಕೊಟ್ಟವನು ಊರು ಬಿಟ್ಟಿರುತ್ತಾನೆ.

ಅಂಕಿ ನೋಡಿ. 1566ರಲ್ಲಿ ಒಂದು ಥಾಲರ್‌ಗೆ 68 ಕ್ರಾಯ್ಟ್ಸರ್ ಅಂತ ಗೊತ್ತುಮಾಡಿದ್ದರು. ಯುದ್ಧ ಶುರುವಾಗುವ ಹೊತ್ತಿಗೆ ಅದು 90 ಆಸುಪಾಸಿಗೆ ಬಂದಿತ್ತು. 1622ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಒಂದು ಥಾಲರ್‌ಗೆ 600 ಕ್ರಾಯ್ಟ್ಸರ್. ಥಾಲರ್ ಮಾತ್ರ ಅದೇ ಥಾಲರ್, ಅದೇ 26 ಗ್ರಾಂ ಬೆಳ್ಳಿ.

ಪೆಟ್ಟಿಗೆಯಲ್ಲಿ ಥಾಲರ್ ಇಟ್ಟುಕೊಂಡಿದ್ದ ಶ್ರೀಮಂತನಿಗೆ ಏನೂ ಆಗಲಿಲ್ಲ. ಹಳೇ ಸಾಲ ಇದ್ದವನು ಕೆಟ್ಟ ಚಿಲ್ಲರೆ ಎಣಿಸಿ ಸಾಲ ತೀರಿಸಿದ. ಹಾಳಾದವರು ಗೊತ್ತಾದ ಸಂಬಳದ ಮೇಲೆ ಬದುಕುವವರು. ಕೂಲಿಯವರು, ಶಾಲೆ ಮೇಷ್ಟ್ರುಗಳು, ಚರ್ಚಿನ ಪಾದ್ರಿಗಳು, ವಿಧವೆಯರು. ರೈತರು ಕೆಟ್ಟ ನಾಣ್ಯಕ್ಕೆ ಕಾಳು ಕೊಡಲು ಒಪ್ಪಲಿಲ್ಲ. 1622ರಲ್ಲಿ ಮಾಗ್ಡೆಬರ್ಗ್‌ನಲ್ಲಿ ಜನ ದಂಗೆ ಎದ್ದರು, ಹೆಣಗಳು ಬಿದ್ದವು.

ದೊಡ್ಡ ಮಟ್ಟದ ಲೂಟಿ ನಡೆದದ್ದು ಪ್ರಾಗ್‌ನಲ್ಲಿ. 1622ರ ಜನವರಿಯಲ್ಲಿ ಚಕ್ರವರ್ತಿ ಎರಡನೇ ಫರ್ಡಿನಂಡ್ ಬೊಹೀಮಿಯ, ಮೊರಾವಿಯ ಮತ್ತು ಕೆಳ ಆಸ್ಟ್ರಿಯದ ಟಂಕಸಾಲೆಗಳನ್ನು 15 ಜನರ ಒಂದು ಕೂಟಕ್ಕೆ ಒಂದು ವರ್ಷ ಗುತ್ತಿಗೆ ಕೊಟ್ಟ. ಗುತ್ತಿಗೆಯ ಹಣ 60 ಲಕ್ಷ ಗುಲ್ಡನ್. ಇಲ್ಲಿ ಗುಲ್ಡನ್ ಅಂದರೆ ಚಿನ್ನದ ನಾಣ್ಯ ಅಲ್ಲ, 60 ಕ್ರಾಯ್ಟ್ಸರ್‌ನ ಬೆಳ್ಳಿ ಲೆಕ್ಕ. ಕೂಟದಲ್ಲಿ ರಾಜ್ಯಪಾಲ ಲೀಕ್ಟನ್‌ಸ್ಟೈನ್, ಸೇನಾಪತಿ ವಾಲೆನ್‌ಸ್ಟೈನ್, ಸಾಹುಕಾರರಾದ ಹಾನ್ಸ್ ಡಿ ವಿಟ್ಟೆ ಮತ್ತು ಯಾಕೊಬ್ ಬಾಸೆವಿ ಇದ್ದರು. ಯುದ್ಧಕ್ಕೆ ಮುಂಚೆ ಒಂದು ಮಾರ್ಕ್ ಬೆಳ್ಳಿಯಿಂದ ಸುಮಾರು 19 ಗುಲ್ಡನ್ ಹೊಡೆಯುತ್ತಿದ್ದರು. ಇವರಿಗೆ 79 ಗುಲ್ಡನ್ ಹೊಡೆಯಲು ಅನುಮತಿ ಸಿಕ್ಕಿತು. ಚಕ್ರವರ್ತಿಯ ವಿರುದ್ಧ ಎದ್ದು ಸೋತ ಬೊಹೀಮಿಯದ ಬಂಡಾಯಗಾರರ ಜಮೀನು ಅದೇ ಹೊತ್ತಿಗೆ ಮಾರಾಟಕ್ಕೆ ಬಂದಿತ್ತು. ವಾಲೆನ್‌ಸ್ಟೈನ್ ಅದನ್ನು ಈ ಬೆರಕೆ ದುಡ್ಡು ಕೊಟ್ಟು ಕೊಂಡ. ನಾಣ್ಯದ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ, ಆ ವರ್ಷದ ಪ್ರಾಗ್ ನಾಣ್ಯ ಕೈಗೆ ಬಂದರೆ ಕೋಪ ಬರುತ್ತದೆ.

1623ರ ಹೊತ್ತಿಗೆ ದೊರೆಗಳಿಗೇ ಬಿಸಿ ತಟ್ಟಿತು. ತೆರಿಗೆಯಾಗಿ ವಾಪಸ್ ಬರುತ್ತಿದ್ದದ್ದು ತಾವೇ ಹೊಡೆಸಿದ ತಾಮ್ರ. ಆಗ ಹಳೇ ಕಾನೂನಿಗೆ ಮರಳಿದರು. ಥಾಲರ್‌ಗೆ 90 ಕ್ರಾಯ್ಟ್ಸರ್ ಅಂತ ಮತ್ತೆ ಗೊತ್ತುಮಾಡಿದರು. ಕೆಟ್ಟ ಚಿಲ್ಲರೆ ಕೈಯಲ್ಲಿ ಉಳಿದವರಿಗೆ ಅದರ ಬೆಲೆಯ ಬಹುಪಾಲು ಹೋಯಿತು.

ಮತ್ತೆ ಹೀಗೆ ಆಗಲಿಲ್ಲವೇ?
— ಅದೇ ಹುಬ್ಬಳ್ಳಿಯವರು, ಪತ್ರದ ಕೊನೆಯಲ್ಲಿ

ಆಯಿತು. 1756ರಲ್ಲಿ ಪ್ರಷ್ಯದ ಎರಡನೇ ಫ್ರೆಡರಿಕ್ ಸ್ಯಾಕ್ಸನಿಯನ್ನು ಹಿಡಿದ. ಲೈಪ್‌ಜಿಗ್ ಟಂಕಸಾಲೆಯ ಅಚ್ಚುಗಳೂ ಸಿಕ್ಕವು. ಸೋತ ದೊರೆಯ ಹೆಸರಿನಲ್ಲೇ ಬೆರಕೆ ನಾಣ್ಯ ಹೊಡೆಸಿ ಏಳು ವರ್ಷದ ಯುದ್ಧದ ಖರ್ಚಿಗೆ ಸೇರಿಸಿಕೊಂಡ. 1750ರಲ್ಲಿ ಮಾರ್ಕ್‌ಗೆ 14 ಥಾಲರ್ ಅಂತ ನಿಯಮ ಮಾಡಿದ್ದವನೂ ಅವನೇ. ಯುದ್ಧ ಮುಗಿಯುವ ಹೊತ್ತಿಗೆ 30ಕ್ಕೂ ಹೆಚ್ಚು ಹೊಡೆಯುತ್ತಿದ್ದರು. ಜನ ಆ ನಾಣ್ಯಗಳಿಗೆ ಗುತ್ತಿಗೆದಾರ ಎಫ್ರಾಯಿಮ್‌ನ ಹೆಸರಿಟ್ಟು ಬೈದರು. ಅವನು ಯಹೂದಿ. ಆಜ್ಞೆ ಕೊಟ್ಟವನೂ ಲಾಭದ ದೊಡ್ಡ ಪಾಲು ತಿಂದವನೂ ರಾಜ. ಇಂದಿಗೂ ಕೆಲವು ಮಾರಾಟ ಪಟ್ಟಿಗಳಲ್ಲಿ ಆ ಹೆಸರು ಯಾವ ವಿವರಣೆಯೂ ಇಲ್ಲದೆ ಹಾಗೇ ಇರುತ್ತದೆ. ಅದು ಅನ್ಯಾಯ.

ನಮ್ಮ ತಾತ ಏಡನ್‌ನಲ್ಲಿ ಕೆಲಸದಲ್ಲಿದ್ದರು. ಅವರ ಟ್ರಂಕ್‌ನಲ್ಲಿ ದೊಡ್ಡ ಬೆಳ್ಳಿ ನಾಣ್ಯ ಸಿಕ್ಕಿದೆ. ತಲೆಗೆ ಸೆರಗು ಹಾಕಿದ ದಪ್ಪನೆಯ ಹೆಂಗಸಿನ ಮುಖ, ಹಿಂದೆ ಎರಡು ತಲೆಯ ಹದ್ದು, 1780 ಅಂತ ಇಸವಿ. ಇದು 240 ವರ್ಷ ಹಳೆಯದೇ? ತುಂಬಾ ಬೆಲೆ ಬಾಳುತ್ತದೆಯೇ?
— ಗೃಹಿಣಿ, ಉಡುಪಿ

ಅಮ್ಮಾ, ಅದು ಮಾರಿಯಾ ತೆರೇಸಾ ಥಾಲರ್. ಅವಳು ಆಸ್ಟ್ರಿಯದ ರಾಣಿ. 1780ರ ನವೆಂಬರ್‌ನಲ್ಲಿ ತೀರಿಕೊಂಡಳು. ಆದರೆ ಅವಳ ಥಾಲರ್‌ಗೆ ಕೆಂಪು ಸಮುದ್ರದ ಎರಡೂ ದಡಗಳಲ್ಲಿ ಎಷ್ಟು ನಂಬಿಕೆ ಇತ್ತೆಂದರೆ, ಇಸವಿ ಬದಲಾದರೆ ಅಲ್ಲಿನ ವ್ಯಾಪಾರಿಗಳು ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ 1780 ಅಂತಲೇ ಹೊಡೆಯುತ್ತಾ ಹೋದರು. ವಿಯೆನ್ನಾದಲ್ಲಿ ಇವತ್ತಿಗೂ ಹೊಡೆಯುತ್ತಾರೆ. ಇಸವಿ ನೋಡಿ ವಯಸ್ಸು ಹೇಳಲು ಆಗುವುದಿಲ್ಲ.

ಮುಖದ ಕೆಳಗೆ ಎಸ್, ಎಫ್ ಅನ್ನುವ ಎರಡು ಅಕ್ಷರ ಇದೆಯಾ ನೋಡಿ. ಅವು ಗ್ಯುಂಟ್ಸ್‌ಬರ್ಗ್ ಟಂಕಸಾಲೆಯ ಇಬ್ಬರು ಅಧಿಕಾರಿಗಳ ಹೆಸರಿನ ಮೊದಲ ಅಕ್ಷರಗಳು. ಆ ಊರು ಈಗ ಜರ್ಮನಿಯ ಬವೇರಿಯಾದಲ್ಲಿದೆ. ಟಂಕಸಾಲೆ ಯಾವತ್ತೋ ಮುಚ್ಚಿತು. ಅಕ್ಷರ ಮಾತ್ರ ಉಳಿದವು.

ನಿಮ್ಮ ತಾತನ ವಿಷಯಕ್ಕೆ ಹತ್ತಿರದ ಸಂಗತಿ ಇನ್ನೊಂದಿದೆ. ಏಡನ್ 1937ರವರೆಗೆ ಬ್ರಿಟಿಷ್ ಇಂಡಿಯಾದ ಆಡಳಿತದಲ್ಲಿತ್ತು. ನಮ್ಮ ಕಡೆಯ ಎಷ್ಟೋ ಜನ ಅಲ್ಲಿ ಗುಮಾಸ್ತರಾಗಿ, ವ್ಯಾಪಾರಿಗಳಾಗಿ ಇದ್ದರು. ಯೆಮನ್ ಮತ್ತು ಇಥಿಯೋಪಿಯಾದಲ್ಲಿ ಈ ಥಾಲರ್ ಆಗ ದಿನಬಳಕೆಯ ದುಡ್ಡು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರಿಗೆ ಇಥಿಯೋಪಿಯಾ ಕಡೆ ಖರ್ಚಿಗೆ ಇದೇ ನಾಣ್ಯ ಬೇಕಾಯಿತು. 1940 ಮತ್ತು 1941ರಲ್ಲಿ ಬಾಂಬೆ ಟಂಕಸಾಲೆಯಲ್ಲೇ ಹೊಡೆಸಿದರು. ನಿಮ್ಮದು ಬಾಂಬೆಯದೇ ಇರಬಹುದು.

ತೂಗಿ ನೋಡಿ. 28 ಗ್ರಾಂ ಬರಬೇಕು. ಅಡ್ಡಳತೆ 4 ಸೆಂಟಿಮೀಟರ್ ಹತ್ತಿರ. ಅಂಚಿನ ಮೇಲೆ ನ್ಯಾಯ ಮತ್ತು ಕರುಣೆ ಅನ್ನುವ ಅರ್ಥದ ಲ್ಯಾಟಿನ್ ಬರಹ ಇರಬೇಕು. ಸಾವಿರಕ್ಕೆ 833 ಪಾಲು ಬೆಳ್ಳಿ. ಅಂದರೆ ಒಳಗೆ 23 ಗ್ರಾಂ ಮೇಲೆ ಬೆಳ್ಳಿ ಇದೆ. ಇದು 1753ರಲ್ಲಿ ಆಸ್ಟ್ರಿಯ ಮತ್ತು ಬವೇರಿಯಾ ಒಪ್ಪಿಕೊಂಡ ಲೆಕ್ಕ, ಒಂದು ಮಾರ್ಕ್‌ಗೆ 10 ಥಾಲರ್. ಸಾಮಾನ್ಯವಾಗಿ ಇದಕ್ಕೆ ಸಿಗುವುದು ಬೆಳ್ಳಿಯ ಬೆಲೆ, ಅದರ ಮೇಲೆ ಸ್ವಲ್ಪ. ಕೊರಳಿಗೆ ಹಾಕಲು ಕುಣಿಕೆ ಬೆಸೆದಿದ್ದರೆ ಇನ್ನೂ ಕಡಿಮೆ. ಮಾರುವ ಅವಸರ ಬೇಡ. ಹುಣಸೆಹಣ್ಣು, ಬೂದಿ, ಪಾಲಿಶ್ ಯಾವುದನ್ನೂ ಹಚ್ಚಬೇಡಿ. ತಾತ ಎಲ್ಲಿ, ಯಾವ ವರ್ಷ ಇದ್ದರು ಅಂತ ಗೊತ್ತಿರುವುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನಿಮ್ಮ ಮಕ್ಕಳಿಗೆ ಆ ಚೀಟಿ ಬೇಕಾಗುತ್ತದೆ.

ಗಂಟೆ, ಕಣಜದ ಹುಳು, ಕಾಡುಮನುಷ್ಯ ಇರುವ ಥಾಲರ್‌ಗಳನ್ನು ನೋಡಿದ್ದೇನೆ. ನಾಣ್ಯದ ಮೇಲೆ ಇಂಥ ಚಿತ್ರ ಯಾಕೆ?
— ಗ್ರಾಫಿಕ್ ಡಿಸೈನರ್, ಬೆಂಗಳೂರು

ನೀವು ನೋಡಿದ್ದೆಲ್ಲ ಬ್ರೌನ್‌ಶ್ವೈಗ್ ಮನೆತನದವೇ ಇರಬೇಕು. ಹಾರ್ಟ್ಸ್ ಗಣಿಗಳ ಬೆಳ್ಳಿ ಅವರ ಮನೆಯದೇ, ಹೇಳಬೇಕಾದ ಮಾತೂ ತುಂಬಾ ಇತ್ತು. ಕಾಡುಮನುಷ್ಯ ಹಾರ್ಟ್ಸ್ ಬೆಟ್ಟಗಳ ಗುರುತು. ವಿಲ್ಡೆಮನ್ ಅಂತ ಅಲ್ಲೊಂದು ಗಣಿ ಊರೇ ಇದೆ. ಕಣಜದ ಹುಳುಗಳದ್ದು ಜಗಳದ ಕಥೆ. ಡ್ಯೂಕ್ ಹೈನ್ರಿಶ್ ಯೂಲಿಯಸ್‌ಗೆ ತನ್ನ ಸೀಮೆಯ ಜಮೀನ್ದಾರರ ಜೊತೆ ಜಗಳ. 1595ರಿಂದ 1599ರ ನಡುವೆ ಅವರನ್ನು ಬೈಯಲೆಂದೇ ಸಾಲಾಗಿ ಥಾಲರ್ ಹೊಡೆಸಿದ. ಒಂದರಲ್ಲಿ ಸತ್ಯ ಅನ್ನುವ ಹೆಂಗಸು ಸುಳ್ಳನ್ನೂ ಚಾಡಿಯನ್ನೂ ತುಳಿದು ನಿಂತಿದ್ದಾಳೆ. 1599ರದ್ದರಲ್ಲಿ ಸಿಂಹಕ್ಕೆ ಕಣಜದ ಹುಳುಗಳು ಮುತ್ತಿವೆ. ಸಿಂಹ ಯಾರು ಅಂತ ಹೇಳಬೇಕಿಲ್ಲ.

ಗಂಟೆಯ ಥಾಲರ್‌ಗಳು ನನಗೆ ಎಲ್ಲಕ್ಕಿಂತ ಇಷ್ಟ. ವೊಲ್ಫೆನ್‌ಬ್ಯುಟ್ಟೆಲ್ ಪಟ್ಟಣದಲ್ಲಿ ಚಕ್ರವರ್ತಿಯ ಸೈನ್ಯ ಬೀಡುಬಿಟ್ಟಿತ್ತು. ಒಪ್ಪಂದದ ಮಾತುಕತೆ ಎಳೆದಾಡಿಕೊಂಡು ನಡೆಯಿತು. 1643ರಲ್ಲಿ ಸೈನ್ಯ ಹೊರಟಿತು, ಪಟ್ಟಣ ಡ್ಯೂಕ್ ಆಗಸ್ಟ್‌ಗೆ ವಾಪಸ್ ಬಂತು. ಅವನು ಏಳು ಬಗೆಯ ಥಾಲರ್ ಹೊಡೆಸಿದ. ಒಂದರಲ್ಲಿ ಗಂಟೆಗೆ ನಾಲಗೆಯೇ ಇಲ್ಲ. ಇನ್ನೊಂದರಲ್ಲಿ ಬರೀ ನಾಲಗೆ, ಗಂಟೆ ಇಲ್ಲ. ಕೊನೆಯದರಲ್ಲಿ ಗಂಟೆ ಬಾರಿಸುತ್ತದೆ, ಕೆಳಗೆ ಪಟ್ಟಣ ಕಾಣುತ್ತದೆ, ಕೊನೆಗೂ ತಾಳ್ಮೆ ಗೆದ್ದಿತು ಅನ್ನುವ ಲ್ಯಾಟಿನ್ ಬರಹ ಇದೆ. ಏಳನ್ನೂ ಸಾಲಾಗಿ ಇಟ್ಟರೆ ಆ ಮಾತುಕತೆಯ ಕಥೆ ಪೂರ್ತಿ ತಿಳಿಯುತ್ತದೆ. ಈ ಆಗಸ್ಟ್ ಪುಸ್ತಕ ಪ್ರೇಮಿ. ಅವನ ಗ್ರಂಥಾಲಯ ಆ ಪಟ್ಟಣದಲ್ಲಿ ಇವತ್ತಿಗೂ ಇದೆ.

ಅದೇ ಮನೆತನದ ಕ್ರಿಶ್ಚಿಯನ್ 1622ರಲ್ಲಿ ಪಾಡರ್‌ಬಾರ್ನ್ ಚರ್ಚಿನ ಸಂತ ಲಿಬೋರಿಯಸ್‌ನ ಬೆಳ್ಳಿ ಪೆಟ್ಟಿಗೆಯನ್ನು ದೋಚಿ ಕರಗಿಸಿ ಥಾಲರ್ ಮಾಡಿದ. ದೇವರ ಗೆಳೆಯ, ಪಾದ್ರಿಗಳ ಶತ್ರು ಅಂತ ಅದರ ಮೇಲೆ ಬರೆಸಿದ. ಕಲೆಯಾಗಿ ಚೆನ್ನಾಗಿದೆ. ಸೈನಿಕರ ಸಂಬಳಕ್ಕಾಗಿ ದೋಚಿದ ಬೆಳ್ಳಿ ಅನ್ನುವುದು ಮರೆಯಬಾರದು.

ಈ ನಾಣ್ಯಗಳು ಆ ಕಾಲದಲ್ಲಿ ನಮ್ಮ ನಾಡಿಗೆ ಬಂದಿದ್ದವೇ?
— ನಿವೃತ್ತ ಶಿಕ್ಷಕರು, ಮಂಗಳೂರು

ನಾಣ್ಯವಾಗಿ ಉಳಿದದ್ದು ಕಡಿಮೆ. ಬೆಳ್ಳಿಯಾಗಿ ಇಂಡಿಯಾಕ್ಕೆ ಬಂದಿದೆ. ಡಚ್ಚರೂ ಇಂಗ್ಲಿಷರೂ ಬಟ್ಟೆ, ಮೆಣಸು ಕೊಳ್ಳಲು ಹಡಗಿನಲ್ಲಿ ಸ್ಪೇನಿನ ರಿಯಾಲ್ ಜೊತೆ ಥಾಲರ್ ಬಗೆಯ ನಾಣ್ಯಗಳನ್ನೂ ತರುತ್ತಿದ್ದರು. ಸೂರತ್‌ನಲ್ಲಿ ಇಳಿದ ಬೆಳ್ಳಿ ಮೊಗಲರ ಟಂಕಸಾಲೆಯಲ್ಲಿ ಕರಗಿ ರೂಪಾಯಿ ಆಗುತ್ತಿತ್ತು. ನಮ್ಮ ಕಡೆ ಆಗ ವರಹ, ಹಣಗಳ ಚಿನ್ನದ ಲೆಕ್ಕವೇ ಮುಖ್ಯ. ಬೆಳ್ಳಿಯ ದೊಡ್ಡ ನಾಣ್ಯ ಅಂದರೆ ನೆನಪಾಗುವುದು ಟಿಪ್ಪುವಿನ ಎರಡು ರೂಪಾಯಿ, ಸುಮಾರು 23 ಗ್ರಾಂ ತೂಗುತ್ತದೆ. ಇನ್ನೊಂದು ನಂಟು ಇದೆ. ಬ್ರಿಟನ್ನಿನ ಮೂರನೇ ಜಾರ್ಜ್ ಜರ್ಮನಿಯ ಹ್ಯಾನೋವರ್‌ಗೂ ದೊರೆ. ಕ್ಲೌಸ್ತಾಲ್‌ನಲ್ಲಿ ಅವನ ಹೆಸರಿನ ನಾಣ್ಯ ಹೊಡೆಯುತ್ತಿದ್ದ ಕಾಲದಲ್ಲೇ ಅವನ ಹ್ಯಾನೋವರ್ ಸೈನಿಕರು ಮದ್ರಾಸಿಗೆ ಬಂದಿಳಿದರು. 1783ರಲ್ಲಿ ಕಡಲೂರಿನಲ್ಲಿ ಟಿಪ್ಪುವಿನ ಮಿತ್ರರಾದ ಫ್ರೆಂಚರ ವಿರುದ್ಧ ಹೋರಾಡಿದರು.

ಸಂಗ್ರಹ ಶುರು ಮಾಡಬೇಕು ಅಂತ ಆಸೆ. ಥಾಲರ್ ಬೆಲೆ ಕೇಳಿ ಗಾಬರಿ ಆಯಿತು. ನಕಲಿಯ ಭಯ ಬೇರೆ. ಏನು ಮಾಡಲಿ ಮೇಡಂ?
— ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಥಾಲರ್ ಬಿಡಿ, ಚಿಲ್ಲರೆಯಿಂದ ಶುರು ಮಾಡಿ. ಕ್ರಾಯ್ಟ್ಸರ್, ಗ್ರೋಶನ್, 24ನೇ ಒಂದು ಪಾಲು ಥಾಲರ್. ಇವು ಅಗ್ಗ. ಅಗ್ಗವಾದ್ದರಿಂದ ನಕಲಿ ಮಾಡುವವರೂ ಕಡಿಮೆ. ಜನರ ಕೈಯಲ್ಲಿ ಓಡಾಡಿದ ದುಡ್ಡು ಇದು. 1621, 1622ರ ಒಂದು ಬೆರಕೆ ನಾಣ್ಯ, 1624ರ ಮೇಲಿನ ಒಂದು ಒಳ್ಳೆ ನಾಣ್ಯ ಕೊಂಡು ಪಕ್ಕಪಕ್ಕ ಇಡಿ. ಬಣ್ಣದಲ್ಲೇ ವ್ಯತ್ಯಾಸ ಕಾಣುತ್ತದೆ.

ಬೇಕಾದ ಸಾಮಾನು ಮೂರೇ: 0.01 ಗ್ರಾಂವರೆಗೆ ತೋರಿಸುವ ತಕ್ಕಡಿ, ಕ್ಯಾಲಿಪರ್, ಒಳ್ಳೆ ಭೂತಗನ್ನಡಿ. ಥಾಲರ್ ಕೊಳ್ಳುವ ದಿನ ಬಂದಾಗ ಮೊದಲು ಅಂಚು ನೋಡಿ. ಸುತ್ತಲೂ ಸೀಳಿನ ಗೆರೆ ಇದ್ದರೆ ಅಚ್ಚಿಗೆ ಎರಕ ಹೊಯ್ದ ನಕಲಿ ಅಂತ ಅನುಮಾನಪಡಿ. ಮೇಲೆ ಸಣ್ಣ ಗುಳ್ಳೆಯ ಗುಳಿಗಳಿದ್ದರೂ ಅಷ್ಟೇ. ಮೇಲ್ಮೈಯಲ್ಲಿ ಸಮಾನಾಂತರ ಅರದ ಗೆರೆ ಕಂಡರೆ ಹೆದರಬೇಡಿ. ತೂಕ ಜಾಸ್ತಿಯಾದ ಬಿಲ್ಲೆಯನ್ನು ಟಂಕಸಾಲೆಯಲ್ಲೇ ಅರದಿಂದ ಉಜ್ಜಿ ಸರಿ ಮಾಡುತ್ತಿದ್ದರು. ಅಚ್ಚು ಒತ್ತುವ ಮುಂಚಿನ ಗೆರೆ ಅದು. 1753ರ ನಂತರದ ಎಷ್ಟೋ ಥಾಲರ್ ಮೇಲೆ ರೋಮನ್ ಹತ್ತು ಇರುತ್ತದೆ, ಪಕ್ಕದಲ್ಲಿ ಅಪ್ಪಟ ಮಾರ್ಕ್ ಅನ್ನುವ ಅರ್ಥದ ಜರ್ಮನ್ ಬರಹ. ಒಂದು ಮಾರ್ಕ್ ಬೆಳ್ಳಿಗೆ ಇಂಥವು ಹತ್ತು ಅಂತ ನಾಣ್ಯವೇ ಹೇಳುತ್ತಿದೆ. ತೂಗಿ, ಅದು ಹೇಳುವುದು ನಿಜವೇ ಅಂತ ನೋಡಿ. 23.4 ಗ್ರಾಂ ಅಪ್ಪಟ ಬೆಳ್ಳಿ, ಒಟ್ಟು 28 ಗ್ರಾಂ ಬರಬೇಕು.

ಕೆಲಸದ ಮೇಲೆ ಜರ್ಮನಿಗೆ ಹೋಗುವ ಅವಕಾಶ ಸಿಕ್ಕರೆ ಬರ್ಲಿನ್‌ನ ಬೋಡೆ ಮ್ಯೂಸಿಯಂ, ಡ್ರೆಸ್ಡೆನ್ ಅರಮನೆಯ ನಾಣ್ಯ ವಿಭಾಗ ಎರಡನ್ನೂ ನೋಡಿ. ಸಮಯ ಇದ್ದರೆ ಗೊಸ್ಲಾರ್‌ಗೆ ಹೋಗಿ ರಾಮೆಲ್ಸ್‌ಬರ್ಗ್ ಗಣಿಯೊಳಗೆ ಇಳಿಯಿರಿ. ಅಲ್ಲಿಂದ ಬಸ್ಸಿನಲ್ಲಿ ಕ್ಲೌಸ್ತಾಲ್‌ಗೆ ಬೆಟ್ಟ ಹತ್ತಬಹುದು. ಪಕ್ಕದ ಟ್ಸೆಲ್ಲರ್‌ಫೆಲ್ಡ್‌ನಲ್ಲಿ ಗಣಿ ಮ್ಯೂಸಿಯಂ ಇದೆ. ಜಾಕೆಟ್ ಮರೆಯಬೇಡಿ, ಬೇಸಿಗೆಯಲ್ಲೂ ಅಲ್ಲಿ ಚಳಿ.